ಸೈರನ್ನಿಗೆ ಎರಡು ದಾರಿ

ಕಿನ್ನರ ಊರಿನ ಹೊಳೆದಂಡೆಯ ಸೈರನ್ ಕೋಣೆಯಲ್ಲಿ ಒಂದು ಮುದಿ ಕಂಪ್ಯೂಟರ್ ಇತ್ತು. ಮೇಲಿನ ಅಣೆಕಟ್ಟೆಯವರು ಗೇಟು ತೆರೆಯುವ ಮುಂಚೆ ಸಂದೇಶ ಕಳಿಸಿದರೆ ಅದು ಸೈರನ್ ಕೂಗಿಸಬೇಕು. ಹೊಳೆ ನಡುವಿನ ಮರಳುದಿಬ್ಬದಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರು ಬುಟ್ಟಿ ಬಿಟ್ಟು ದಡಕ್ಕೆ ಓಡಬೇಕು. ಸಂದೇಶ ಬರಲು ದಾರಿ ಎರಡು: ಟೆಲಿಫೋನ್ ತಂತಿಗೆ ಸಿಕ್ಕಿಸಿದ ಮೋಡೆಮ್, ಆಮೇಲೆ ಕೂಡಿಸಿದ ನೆಟ್‌ವರ್ಕ್ ಕಾರ್ಡ್. ಎರಡೂ ಹಳೆಯವೇ. ಯಾವುದನ್ನು ಉಳಿಸಬೇಕೆಂದು ನೋಡಲು ಅಂಕೋಲೆಯ ಗುತ್ತಿಗೆದಾರ ತನ್ನ ಕೆಲಸದವರಾದ ಸುಮಿತಾ ಮತ್ತು ಸುಜಯರನ್ನು ಅಟ್ಟಿದ್ದ.

ಸುಮಿತಾ ಇದೇ ಊರಿನ ಹುಡುಗಿ. ಅವಳ ತಾಯಿ ಹೊನ್ನಿ ಆ ಹೊತ್ತಿಗೆ ದಿಬ್ಬದ ಮೇಲೇ ಇದ್ದಳು. ಪರೀಕ್ಷೆಗೆ ಮುಂಚೆ ಮಗಳು ಫೋನ್ ಮಾಡಿದಳು.

“ಅವ್ವಿ, ಇವತ್ತು ಸೈರನ್ ಸುಮಾರು ಸಲ ಕೂಗ್ತದೆ. ನಾವೇ ಕೂಗ್ಸೂದು. ಎಲ್ಲರಿಗೂ ಹೇಳು, ಕೆಲಸ ಬಿಟ್ಟು ಓಡೂದು ಬ್ಯಾಡ.”

ಸಮುದ್ರದ ಇಳಿತಕ್ಕೆ ಹೊಳೆಯ ನೀರು ಇಳಿದಿರುವುದೇ ಸ್ವಲ್ಪ ಹೊತ್ತು. ಪ್ರತಿ ಕೂಗಿಗೂ ಓಡಿದರೆ ಬುಟ್ಟಿ ತುಂಬುವುದು ಯಾವಾಗ? ಪಾಪ, ಸುಮಿತಾಳ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ.

ಅಣೆಕಟ್ಟೆಯ ಮಂಗೇಶ ಅಲ್ಲಿಂದ ಎರಡೂ ದಾರಿಯಲ್ಲಿ ಒಂದೊಂದೇ ಸಂದೇಶ ಬಿಟ್ಟ. ಕಾರ್ಡಿನದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂತು, ಸೈರನ್ ಕೂಗಿತು. ಮೋಡೆಮಿನದು ಹಾಗಲ್ಲ. ಕೀರಲು ದನಿಯಲ್ಲಿ ಅರಚಿ, ಲೈನ್ ಕಡಿದು, ಮತ್ತೆ ಅರಚಿ, ಇವರು ಅದನ್ನು ಮರೆತು ಚಹಾ ಕುಡಿಯುವಾಗ ಸೈರನ್ ಕೂಗಿಸಿತು. ಪ್ರತಿ ಸಲವೂ ಅದೇ ಕಥೆ. ಹೊಳೆಯಲ್ಲಿ ಯಾರೂ ತಲೆ ಎತ್ತಲಿಲ್ಲ.

“ಇದನ್ನು ಕಾಯ್ತಾ ಕೂತ್ರೆ ನೀರು ಸಮುದ್ರ ಸೇರಿರ್ತದೆ ಮಾರಾಯ್ತಿ. ಕಿತ್ತು ಹಾಕು,” ಎಂದ ಸುಜಯ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಅವನು ಶಾಲೆಯಲ್ಲೇ ಬಿಟ್ಟು ಬಂದಿದ್ದ.

ಪರೀಕ್ಷೆ ಸಾಕೆಂದು ಮಂಗೇಶನಿಗೆ ತಿಳಿಸಿದರು. ದಿಬ್ಬದವರಿಗೆ ತಿಳಿಸಲು ಮಾತ್ರ ಇಬ್ಬರಿಗೂ ನೆನಪಾಗಲಿಲ್ಲ. ಘಟ್ಟದ ಕಡೆ ಆಕಾಶ ಕಪ್ಪಾಗಿತ್ತು. ಸುಮಿತಾ ಮೋಡೆಮಿನ ತಂತಿ ಬಿಚ್ಚಿ ಸುತ್ತತೊಡಗಿದಳು.

ಸೈರನ್ ಕೂಗಿತು.

ಸುಜಯ ನಕ್ಕ. “ಮುದುಕ ಮೋಡೆಮಿಂದು ಕಡೇ ಸಂದೇಶ ಈಗ ಮುಟ್ತು ನೋಡು.”

ಅವಳಿಗೂ ನಗು ಬಂತು. ತಡವಾಗಿ ಬರುವ ಕೂಗಿಗೆ ಬೆಳಗಿನಿಂದ ಕಿವಿ ಒಗ್ಗಿಹೋಗಿತ್ತು. ತಂತಿಯ ತುದಿ ಬೆರಳಿಗೆ ತಾಗಿದಾಗ ನಗು ನಿಂತಿತು. ಮೋಡೆಮ್ ಯಾವುದಕ್ಕೂ ಸಿಕ್ಕಿಸಿರಲಿಲ್ಲ. ಹಾಗಾದರೆ ಇದು ಕಾರ್ಡಿನ ಮೂಲಕ ಈಗಿಂದೀಗ ಬಂದದ್ದು. ಅವಳು ಮಂಗೇಶನಿಗೆ ಫೋನ್ ಹಚ್ಚಿದಳು.

“ಇದು ಪರೀಕ್ಷೆ ಅಲ್ಲ, ಗೇಟು ತೆಗೀತಾ ಇದ್ದಾರೆ,” ಎಂದ ಅವನು. “ಘಟ್ಟದ ಮೇಲೆ ಭಾರೀ ಮಳೆ. ದಿಬ್ಬ ಖಾಲಿ ಆಯ್ತಲ?”

ಸುಮಿತಾ ತಂತಿ ಬಿಸಾಕಿ ಹೊರಗೆ ಹಾರಿದಳು. ಹೊಳೆ ಕಡೆ ಓಡುತ್ತಲೇ ತಾಯಿಗೆ ಫೋನ್ ಮಾಡಿದಳು. ದೂರದಲ್ಲಿ ದಿಬ್ಬ ಕಾಣುತ್ತಿತ್ತು. ಹೆಂಗಸರೆಲ್ಲ ಬಗ್ಗಿಯೇ ಇದ್ದರು. ಹೊನ್ನಿ ಫೋನ್ ಎತ್ತಿದಳು.

“ಅವ್ವಿ, ಓಡು. ಎಲ್ಲರನ್ನೂ ಕರ್ಕಂಡು ಓಡು.”

“ಎಂತಾ? ನಿನ್ ಸೈರನ್ ಗಲಾಟೇಲಿ ಎಂತದೂ ಕೇಳೂದಿಲ್ಲ ಮಗಾ,” ಎಂದಳು ಹೊನ್ನಿ. “ಅದು ನಿಂತ್ಮೇಲೆ ಮಾತಾಡ್ವ.”

ಅವಳು ಫೋನ್ ಇಟ್ಟಳು.