ಗುಲ್ಷನ್‌ಬೀ ಕುಡಿಸಿದ ಹಾಲು

ಆರ್ಜೂ ನನ್ನ ತಮ್ಮ ಬಾಬುಸಾಬನ ಮಗಳು. ಮಸ್ಕಿಯಲ್ಲಿ ಅವನದು ಬಳೆ ಅಂಗಡಿ. ಬಳಗಾನೂರಿನ ಮುಕ್ತಿಯಾರ್ ಜೊತೆ ಮಾತಾಡಿ ಹುಡುಗಿಯ ಮಂಗ್ನಿ, ಅಂದರೆ ನಿಶ್ಚಿತಾರ್ಥ, ಮಾಡಿಸಿದವಳು ನಾನೇ. ಹುಡುಗ ಭತ್ತ ಕೊಯ್ಯುವ ಮಷೀನು ಓಡಿಸುತ್ತಾನೆ, ಕುಡಿಯುವುದಿಲ್ಲ, ಹಿರಿಯರಿಗೆ ಎದುರಾಡುವುದಿಲ್ಲ. ಇಂಥವನು ಈಗಿನ ಕಾಲದಲ್ಲಿ ದೀಪ ಹಚ್ಚಿ ಹುಡುಕಿದರೂ ಸಿಗುವುದಿಲ್ಲ. ಮಂಗ್ನಿ ಆದಾಗಿನಿಂದ ಆರ್ಜೂಳ ಕಿವಿಯಿಂದ ಫೋನು ಇಳಿದಿರಲಿಲ್ಲ. ಬೈದರೆ, "ಫುಪ್ಪು, ನಿನ್ನ ಕಾಲದಾಗ ಫೋನ್ ಇದ್ದಿದ್ರ ನೀ ಬಿಡ್ತಿದ್ದೇನು?" ಎನ್ನುತ್ತಿದ್ದಳು. ಖರೆ ಹೇಳಬೇಕೆಂದರೆ, ಬಿಡುತ್ತಿರಲಿಲ್ಲ.

ನಿಕಾ ಹತ್ತಿರ ಬಂದಾಗ ಹುಡುಗನ ಕಡೆಯ ಹೆಂಗಸರು ಅರಿಷಿಣ, ಮೆಹಂದಿ ತಂದರು. ಮುಕ್ತಿಯಾರ್‌ನನ್ನು ಸಾಕಿದ ಅಜ್ಜಿ ಪಕೀರಮ್ಮನೂ ಬಂದಿದ್ದಳು. ಮೊಣಕಾಲು ನೋವೆಂದು ಮಂಗ್ನಿಗೆ ಬಂದಿರದ ಮುದುಕಿ, ನಮ್ಮ ಮನೆ ಮೆಟ್ಟಿಲು ಹತ್ತಿದ್ದು ಅವತ್ತೇ ಮೊದಲು. ಹುಡುಗಿಯ ಕೆನ್ನೆಗೆ ಅರಿಷಿಣ ಹಚ್ಚುತ್ತ ಅಳತೊಡಗಿದಳು.

"ಇವತ್ತ ನನ್ನ ಸೊಸಿ ಇರಬೇಕಿತ್ತು. ಮನ್ಯಾಗ ಹಡದು, ಜ್ವರ ಏರಿ ಹೋಗಿಬಿಟ್ಲು. ಹಸಿದ ಕೂಸನ್ನ ಎತ್ಕೊಂಡು ಸಿಂಧನೂರು ದವಾಖಾನಿಗೆ ಓಡಿದೆ. ಅಲ್ಲಿ ಒಬ್ಬಾಕಿ ಬಾಣಂತಿ ಇದ್ಲು, ಆಕಿ ಕೂಸು ಸತ್ತೇ ಹುಟ್ಟಿತ್ತು. ನಾ ಕೇಳೂದ್ರಾಗ ನನ್ನ ಮೊಮ್ಮಗನ್ನ ಎದಿಗೆ ಹಚ್ಕೊಂಡ್ಲು. ಆಕಿ ಹೆಸರು ಸೈತ ಗೊತ್ತಿಲ್ಲ. ಅಲ್ಲಾ ಆಕಿನ್ನ ಚಂದಾಗಿಡ್ಲಿ."

ಆರ್ಜೂಳ ತಾಯಿ ಗುಲ್ಷನ್‌ಬೀ ಶರಬತ್ತಿನ ತಟ್ಟೆ ಹಿಡಿದು ನಿಂತಿದ್ದಳು. ಅವಳ ಮುಖ ಬಿಳಿಚಿತು. ಅವಳ ಮೊದಲ ಕೂಸು ಹೋದಾಗ ಆ ದವಾಖಾನೆಯಲ್ಲಿ ಅವಳ ಬಾಜೂ ಇದ್ದವಳು ನಾನು. ಮುದುಕಿ ತಂದ ಆ ಕೂಸಿಗೆ ಅವಳು ಹಾಲು ಕುಡಿಸಿದ್ದನ್ನು ಕಣ್ಣಾರೆ ನೋಡಿದ್ದೆ. ನಮ್ಮಲ್ಲಿ ಎದೆಹಾಲು ಕುಡಿದ ಕೂಸು ಕುಡಿಸಿದವಳಿಗೆ ಮಗನೇ. ಅವಳ ಹೆಣ್ಣುಮಕ್ಕಳು ಅವನಿಗೆ ತಂಗಿಯರು. ಅವರೊಳಗೆ ನಿಕಾ ಹರಾಮ್.

ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಬಾಯಿ ಹೊಲ್ಕೊಂಡು ಕುಂದ್ರು ಗುಲ್ಷನ್. ಮುದುಕಿಗೆ ನಿನ್ನ ಗುರ್ತು ಹತ್ತಿಲ್ಲ. ನಿನಗ ನನಗ ಬಿಟ್ರ ಯಾರಿಗೂ ಗೊತ್ತಿಲ್ಲ."

"ಅಲ್ಲಾಗ ಗೊತ್ತಿಲ್ಲೇನ್ರಿ ಆಪಾ?"

"ಅಲ್ಲಾ ಮಾಫ್ ಮಾಡ್ತಾನ. ಹುಡುಗಿ ಗತಿ ಏನು?"

"ನನ್ನ ಕೂಸು ಮಣ್ಣಿಗೆ ಹೋದಾಗ ಹಾಲು ಕಟ್ಟಿ ಎದಿ ಕಲ್ಲಾಗಿತ್ತು. ಅವ ಕುಡಿದ ಮ್ಯಾಲೇ ನಾ ಬದುಕೀನಿ. ಮಗ ಅಂತನ ಕುಡಿಸೀನಿ, ಆಪಾ. ಈಗ ಅವಗ ಮಗಳನ್ನ ಹ್ಯಾಂಗ ಕೊಡ್ಲಿ?"

ಹೊರಗೆ ಹೋಗಿ ಎಲ್ಲರ ಮುಂದೆ ಹೇಳಿಬಿಟ್ಟಳು. ಅವಳ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮಸೀದಿಯ ಹಜ್ರತರು ಒಂದು ಗುಟುಕು ಇಳಿದಿದ್ದರೂ ಸಾಕು, ನಿಕಾ ಆಗದು ಎಂದರು. ಬೇರೆ ಮಾತು ಸಿಕ್ಕೀತೆಂದು ಬಾಬುಸಾಬ ಲಿಂಗಸುಗೂರಿನ ಮೌಲವಿಯವರ ತನಕ ಹೋಗಿಬಂದ. ಅಲ್ಲಿಯೂ ಅದೇ. ಆರ್ಜೂ ಅನ್ನ ಬಿಟ್ಟು ಮಲಗಿದಳು. ತಾಯಿಯನ್ನು ಒಂದೇ ಸಲ ಕೇಳಿದಳು.

"ನೀ ಯಾಕ ಕುಡಿಸಿದಿ ಅಮ್ಮಾ?"

"ಹಸಿದು ಅಳಾಕತ್ತಿತ್ತು ಬೇಟಾ."

ಮುಂದಿನ ಶುಕ್ರವಾರ ನಮಾಜು ಮುಗಿಸಿ ಮುಕ್ತಿಯಾರ್ ಅಜ್ಜಿಯ ಜೊತೆ ಬಂದ. ಗುಲ್ಷನ್‌ಬೀ ಎದುರು ನೆಲದ ಮೇಲೆ ಕೂತು, "ಅಮ್ಮಾ" ಎಂದ. ಹುಟ್ಟಿದಾಗಿನಿಂದ ಯಾರಿಗೂ ಆ ಮಾತು ಅಂದವನಲ್ಲ. ಅವಳು ಅವನ ತಲೆ ಎದೆಗೆ ಒತ್ತಿಕೊಂಡು ಅತ್ತಳು. ನೋಡಲಾರದೆ ನಾನು ಗೋಡೆಯ ಕಡೆ ತಿರುಗಿದೆ.

ಪಕೀರಮ್ಮ ಒಳಗಿನ ಬಾಗಿಲ ಕಡೆ ನೋಡಿ ಕರೆದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕರೆದಳು.

"ಹೊರಗ ಬಾ ಬೇ ಆರ್ಜೂ. ಇನ್ನ ಪರದಾ ಯಾಕ? ನಿಮ್ಮಣ್ಣ ಬಂದಾನ."

ಆರ್ಜೂ ಬಂದಳು. ತಲೆಯ ಮೇಲೆ ಓಢಣಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅವನ ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಸಲಾಂ, ಭಾಯಿ."

ಮುಕ್ತಿಯಾರ್ ಬಾಯಿ ತೆರೆದ. ತಂಗಿ ಎನ್ನಲು ನಾಲಗೆ ಹೊರಳಲಿಲ್ಲ. ಅಜ್ಜಿಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟದೆ ಅಂಗಳ ದಾಟಿ ಹೋದ.