ಮೂರು ಸೆಕೆಂಡಿನ ನಗು

೧
ಎಲ್ಲಿಂದ ಶುರು ಮಾಡಲಿ? ಹುಡುಗಿ ನಕ್ಕಲ್ಲಿಂದಲೋ, ಆ ನಗು ಎಲ್ಲರ ಫೋನಿಗೆ ಹೋದಲ್ಲಿಂದಲೋ? ‘ಅಂದು ಶಾಲೆಯ ಕಾರಿಡಾರ್ ಖಾಲಿಯಾಗಿತ್ತು’ ಎಂದು ಬರೆದೆ. ಹೊಡೆದುಹಾಕಿದೆ. ಖಾಲಿ ಕಾರಿಡಾರಿನಿಂದ ಶುರುವಾಗುವ ನನ್ನ ಕಥೆಗಳನ್ನು ಹೆಂಡತಿಯೇ ಓದುವುದಿಲ್ಲ, ಇನ್ನು ನೀವು ಓದುತ್ತೀರಾ?

೨
ನೇರವಾಗಿ ಹೇಳಿಬಿಡುತ್ತೇನೆ. ಹತ್ತನೇ ಕ್ಲಾಸಿನ ಹುಡುಗಿ. ಜೋರಾಗಿ ನಕ್ಕರೆ ಕೊನೆಗೆ ಮೂಗಿನಿಂದ ‘ಗೊರ್’ ಎಂದು ಸದ್ದು ಬರುತ್ತದೆ. (ನೀವೂ ಸ್ವಲ್ಪ ನಕ್ಕಿರಿ ತಾನೇ?) ಲ್ಯಾಬಿನಲ್ಲಿ ಯಾರೋ ಅದನ್ನು ರೆಕಾರ್ಡ್ ಮಾಡಿ, ಮೂರು ಸೆಕೆಂಡಿಗೆ ಕತ್ತರಿಸಿ, ಕ್ಲಾಸಿನ ಗ್ರೂಪಿಗೆ ಹಾಕಿದರು. ಮರುದಿನಕ್ಕೆ ಅದು ರಿಂಗ್‌ಟೋನ್. ಅವಳು ಬಸ್ ಹತ್ತಿದರೆ ಸಾಕು, ಹಿಂದಿನ ಸೀಟಿನವರು ಮುಂದಿನ ಸೀಟಿನವರಿಗೆ ರಿಂಗ್ ಕೊಡುತ್ತಿದ್ದರು. ಅವಳು ನಗುವುದನ್ನೇ ಬಿಟ್ಟಳು. ನಗು ಬಂದರೆ ತುಟಿ ಕಚ್ಚಿ ಹಿಡಿಯುತ್ತಾಳೆ. ಮೆಟ್ಟಿಲ ಕೆಳಗೆ ಕೂತು ಒಬ್ಬಳೇ ಊಟ ಮಾಡುತ್ತಾಳೆ.

೩
ಎಂಡಿಂಗ್ ನಂಬರ್ ಒಂದು: ಅವಳು ಸ್ಕ್ರೀನ್‌ಶಾಟ್ ಇಟ್ಟುಕೊಂಡಳು, ಅಮ್ಮನಿಗೆ ಹೇಳಿದಳು, ಪ್ರಿನ್ಸಿಪಾಲರು ಎಲ್ಲರನ್ನೂ ಕರೆಸಿದರು, ಎಲ್ಲರೂ ಕ್ಷಮೆ ಕೇಳಿದರು. ಶುಭಂ.

ಹುಡುಗಿ ನನ್ನ ಮೇಜಿನ ಎದುರು ಬಂದು ನಿಂತಳು.

“ಅಂಕಲ್, ಇದೆಲ್ಲ ಮಾಡಿ ಆಯ್ತು.”

“ಮತ್ತೇನಮ್ಮಾ?”

“ರಿಂಗ್‌ಟೋನ್ ತೆಗೆದ್ರು. ಈಗ ನಾನು ಬಂದ್ರೆ ಎಲ್ಲರೂ ಸುಮ್ಮನಾಗ್ತಾರೆ. ಯಾರೂ ಏನೂ ಅನ್ನಲ್ಲ. ಮಾತೂ ಆಡಲ್ಲ. ಅದೇ ಇನ್ನೂ ಕಷ್ಟ.”

ನಂಬರ್ ಒಂದನ್ನು ಹೊಡೆದುಹಾಕಿದೆ.

೪
(ಎಂಡಿಂಗ್ ನಂಬರ್ ಎರಡು. ಹರಿದುಹಾಕಿದ್ದೇನೆ. ಇದರಲ್ಲಿ ಅವಳು ಹಾಸ್ಯ ಸ್ಪರ್ಧೆಯಲ್ಲಿ ಫಸ್ಟ್ ಪ್ರೈಜ್ ಗೆಲ್ಲುತ್ತಿದ್ದಳು. ಥೂ, ನನಗೇ ನಾಚಿಕೆಯಾಯಿತು.)

೫
ಅವಳು ನಗುವುದು ಈಗ ಒಂದೇ ಕಡೆ, ಅಜ್ಜಿಯ ಕೋಣೆಯಲ್ಲಿ. ಅಜ್ಜಿಗೆ ಕಿವಿ ಕೇಳಿಸದು. “ಅಜ್ಜಿ, ಮಿಷನ್ ತೆಗಿ” ಎನ್ನುತ್ತಾಳೆ. ಅಜ್ಜಿ ಕಿವಿಯ ಮಿಷನ್ ಬಿಚ್ಚಿ ಕನ್ನಡಕದ ಡಬ್ಬಿಯಲ್ಲಿಡುತ್ತಾರೆ. ಆಮೇಲೆ ಹುಡುಗಿ ಬಾಯ್ತುಂಬ ನಗುತ್ತಾಳೆ. ಅವಳ ಮುಖ ನೋಡಿ ಅಜ್ಜಿಯೂ ನಗುತ್ತಾರೆ.

ಮೊನ್ನೆ ಅಜ್ಜಿ ಮಿಷನ್ ತೆಗೆಯಲಿಲ್ಲ. “ನಿನ್ನ ನಗು ಕೇಳಿ ಎಷ್ಟು ದಿನ ಆಯ್ತೇ. ಇವತ್ತು ಇರ್ಲಿ ಬಿಡು.”

ಹುಡುಗಿ ಎದ್ದು ಹೋಗಿಬಿಟ್ಟಳು.

“ಅಜ್ಜಿ ಮುಂದಾದ್ರೂ ನಗಬಹುದಿತ್ತಲ್ಲಮ್ಮಾ” ಎಂದೆ.

“ಆ ಕ್ಲಿಪ್ ನೀವು ಕೇಳಿದ್ದೀರಾ?” ಎಂದಳು.

೬
ಕೇಳಿದ್ದೆ. ಅವಳ ಕ್ಲಾಸಿನಲ್ಲೇ ಓದುವ ನನ್ನ ತಂಗಿಯ ಮಗಳು ಕಳಿಸಿದ್ದಳು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆಫೀಸಿನ ಮೂವರಿಗೆ ಕಳಿಸಿಯೂ ಇದ್ದೆ. (ಹೌದು ಸ್ವಾಮಿ, ನಾನೇ, ಕಥೆ ಬರೆಯುವ ದೊಡ್ಡ ಮನುಷ್ಯ.) ಇಷ್ಟು ಹೊತ್ತು ‘ಯಾರೋ’, ‘ಎಲ್ಲರೂ’ ಎಂದು ಬರೆದು ತಪ್ಪಿಸಿಕೊಳ್ಳುತ್ತಿದ್ದೆ.

“ಅಳಿಸಿದ್ರಾ?”

ಅವಳೆದುರೇ ಅಳಿಸಿದೆ. ಆಫೀಸಿನವರಿಗೂ ಅಳಿಸಿ ಎಂದು ಬರೆದೆ. ಒಬ್ಬ ‘ಯಾವ ಕ್ಲಿಪ್?’ ಎಂದ. ಇನ್ನೊಬ್ಬ ನಗುವ ಮುಖ ಕಳಿಸಿದ. ಮೂರನೆಯವನು ನೋಡಿ ಸುಮ್ಮನಾದ. ತಂಗಿಯ ಮಗಳಿಗೆ ಫೋನ್ ಮಾಡಿದೆ.

“ನಾಳೆ ಅವಳ ಪಕ್ಕ ಕೂತು ಊಟ ಮಾಡೇ.”

“ಹೋಗಿ ಏನು ಮಾತಾಡ್ಲಿ ಮಾಮ?”

“ನಂಗೂ ಗೊತ್ತಿಲ್ಲ. ಸುಮ್ನೆ ಕೂತ್ಕೋ.”

೭
ಮರುದಿನ ಮೆಟ್ಟಿಲ ಕೆಳಗೆ ಇಬ್ಬರು ಕೂತು ಊಟ ಮಾಡಿದರು. ಹೆಚ್ಚು ಮಾತಾಡಲಿಲ್ಲವಂತೆ. ತಂಗಿಯ ಮಗಳ ನೀರಿನ ಬಾಟಲಿ ಉರುಳಿ ಅವಳದೇ ಷೂ ತುಂಬ ನೀರಾಯಿತಂತೆ. ಹುಡುಗಿ ತುಟಿ ಕಚ್ಚಿಕೊಂಡಳಂತೆ.

ಸಂಜೆ ಅವಳು ಅಜ್ಜಿಯ ಕೋಣೆಗೆ ಹೋದಳು. ಅಜ್ಜಿ ಪಾಪ, ಕೇಳುವ ಮೊದಲೇ ಕಿವಿಗೆ ಕೈ ಹಾಕಿದರು. ಹುಡುಗಿ ಆ ಕೈ ಹಿಡಿದುಕೊಂಡಳು.

“ಬೇಡ ಅಜ್ಜಿ, ಇರ್ಲಿ. ಇವತ್ತು ಏನಾಯ್ತು ಗೊತ್ತಾ...”

ಅಷ್ಟರಲ್ಲಿ ನನ್ನ ಕಡೆ ತಿರುಗಿದಳು.

“ಅಂಕಲ್, ನೀವು ಹೊರಗಿರಿ.”

“ಕಥೆ ಮುಗಿಸ್ಬೇಕಲ್ಲಮ್ಮಾ.”

“ನೀವು ಬರೆದ್ರೆ ಅದೂ ಒಂದು ಕ್ಲಿಪ್ಪೇ.”

ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ನಕ್ಕಳೋ ಇಲ್ಲವೋ, ನಾನು ಹೇಳುವುದಿಲ್ಲ. ಬಾಗಿಲಿಗೆ ಕಿವಿ ಇಡಬೇಡಿ. ನೀವೂ ಈಚೆ ಬನ್ನಿ.