ಗೋಡೆ ಹೇಳುವ ಮೊದಲು

ಹೇಳಬೇಕಾದ ಮಾತು ಒಂದೇ ಒಂದು: ‘ಪಾಲ್ಮಾ, ನಿನ್ನ ಅಕ್ಕ ತೀರಿಕೊಂಡಳು.’ ಅಷ್ಟಕ್ಕೆ ಓರೋಂಜೊನ ಬಾಯಿಗೆ ನಿನ್ನೆ ಮಧ್ಯಾಹ್ನದಿಂದ ಬೀಗ ಬಿದ್ದಿತ್ತು. ಮೂವತ್ತೆಂಟು ವರ್ಷ ಲೆಚ್ಚೆ ಊರಿನ ಶಾಲೆಯಲ್ಲಿ ಮೇಷ್ಟರಾಗಿ ಮಕ್ಕಳ ಕಿವಿ ಹಿಂಡಿದವನು, ಹೆಂಡತಿಯ ಪಕ್ಕದಲ್ಲಿ ಮೂಗನ ಹಾಗೆ ಕಾರು ಓಡಿಸುತ್ತಿದ್ದ.

ಈ ಪ್ರಯಾಣ ಪಾಲ್ಮಾಳದೇ ಏರ್ಪಾಡು. ಅಕ್ಕ ಬ್ರಿಜಿದಾಳ ಜೊತೆ ಅವಳು ಮಾತು ಬಿಟ್ಟು ಹನ್ನೊಂದು ವರ್ಷ. ತಾಯಿಯ ಮಣ್ಣಿನ ದಿನ ಪಾಲ್ಮಾಳೇ ಅಕ್ಕನಿಗೆ ‘ನೀನು ಸರಿಯಾಗಿ ನೋಡಿಕೊಂಡಿದ್ದರೆ ಅಮ್ಮ ಬದುಕಿರುತ್ತಿದ್ದಳು’ ಅಂತ ಎಲ್ಲರೆದುರು ಅಂದುಬಿಟ್ಟಿದ್ದಳು. ಈಗ ತಾನೇ ಹೋಗಿ ತಪ್ಪಾಯಿತು ಅನ್ನಬೇಕು, ಹೇಳದೆ ಕೇಳದೆ ಬಾಗಿಲು ತಟ್ಟಬೇಕು, ದಾರಿಯಲ್ಲಿ ಹಳೇ ಊರುಗಳಲ್ಲಿ ಸುತ್ತಾಡಿಕೊಂಡು ಹೋಗಬೇಕು ಅನ್ನುವುದು ಅವಳ ಆಸೆ. ನಿನ್ನೆ ಅವಳು ಅಕ್ಕನ ಕಣ್ಣಿಗೆ ಚೆನ್ನಾಗಿ ಕಾಣಬೇಕೆಂದು ಕೂದಲು ಮಾಡಿಸಿಕೊಳ್ಳಲು ಹೋಗಿದ್ದಾಗ ಬ್ರಿಜಿದಾಳ ಮಗ ಸವೀನೊ ಅವರ ಊರು ಇರ್ಸೀನಾದಿಂದ ಫೋನ್ ಮಾಡಿದ. ಬೆಳಿಗ್ಗೆ ಎದೆನೋವು ಅಂದಳಂತೆ, ಆಸ್ಪತ್ರೆ ಮುಟ್ಟುವ ಮೊದಲೇ ಮುಗಿಯಿತಂತೆ. ಮಣ್ಣು ಇವತ್ತು ಸಂಜೆ ನಾಲ್ಕಕ್ಕೆ.

“ಗೋಡೆಗೆ ಅಂಟ್ಸೋ ಸಾವಿನ ಕಾಗದದಲ್ಲಿ ಚಿಕ್ಕಮ್ಮನ ಹೆಸರು ಹಾಕಿಸ್ಲಾ, ಬೇಡ್ವಾ?” ಅಂತ ಸವೀನೊ ಒರಟಾಗಿ ಕೇಳಿದ್ದ.

“ಹಾಕ್ಸಪ್ಪ, ಹಾಕ್ಸು,” ಅಂದಿದ್ದ ಓರೋಂಜೊ. ಸಾವಿನ ಸುದ್ದಿಯನ್ನು ಹೆಂಡತಿಗೆ ಹೇಳಲು ಮಾತ್ರ ನಾಲಿಗೆ ಹೊರಳಲಿಲ್ಲ.

ಒಸ್ತೂನಿಯಲ್ಲಿ ಕಾಫಿಗೆ ಇಳಿದರು. ಊರಿಗೆ ಕಾಲಿಟ್ಟ ಕೂಡಲೇ ಗೋಡೆಯ ಸಾವಿನ ಕಾಗದಗಳನ್ನು ಓದದೆ ಮುಂದೆ ಹೋಗುವ ಜನ ನಮ್ಮ ಕಡೆ ಇಲ್ಲ, ಒಬ್ಬರ ಗುರುತೂ ಇಲ್ಲದ ಊರಾದರೂ ಸರಿಯೇ. ಪಾಲ್ಮಾ ಕನ್ನಡಕ ಏರಿಸಿ ನಿಂತೇಬಿಟ್ಟಳು.

“ತೊಂಬತ್ತೇಳು ವರ್ಷವಂತೆ, ನೋಡೋ! ಪುಣ್ಯಾತ್ಮನ ಮೊಮ್ಮಕ್ಕಳ ಹೆಸರಿಗೇ ಅರ್ಧ ಗೋಡೆ ಬೇಕು.”

ಓರೋಂಜೊ ಅವಳ ತೋಳು ಹಿಡಿದು ಕಾಫಿ ಅಂಗಡಿಯತ್ತ ಎಳೆದ. ಇರ್ಸೀನಾದ ಗೋಡೆ ಹೇಳುವ ಮೊದಲು ತಾನು ಹೇಳಬೇಕು. ಕಾಫಿ ಆಗಲಿ ಅಂದುಕೊಂಡ. ಕಾಫಿ ಆದಮೇಲೆ, ಹಸಿದ ಹೊಟ್ಟೆಯಲ್ಲಿ ಬೇಡ, ಊಟ ಆಗಲಿ ಅಂದುಕೊಂಡ. ಇದೆಲ್ಲ ಅವಳ ಮೇಲಿನ ಪ್ರೀತಿಯಂತೆ! ಪುಕ್ಕಲುತನಕ್ಕೆ ಜನ ಎಂತೆಂಥ ಚಂದದ ಹೆಸರು ಇಡುತ್ತಾರೆ!

ಮತೇರಾದಲ್ಲಿ ಊಟಕ್ಕೆ ಕೂತಾಗ ಪಾಲ್ಮಾ ತಟ್ಟೆಯತ್ತ ನೋಡಲೇ ಇಲ್ಲ. “ಅವಳು ಬಾಗಿಲು ತೆಗೀದೇ ಇದ್ರೆ?”

“ತೆಗೀತಾಳೆ ಬಿಡು,” ಅಂದ ಓರೋಂಜೊ. ಅಂದಮೇಲೆ ತನ್ನ ಬಾಯಿಗೇ ಹೊಡೆದುಕೊಳ್ಳಬೇಕು ಅನ್ನಿಸಿತು. ಆ ಕಡೆಯ ಖಾರವಿಲ್ಲದ ಕರಿದ ಒಣಮೆಣಸಿನಕಾಯಿಯನ್ನು ಸುಮ್ಮನೆ ಒಂದರ ಮೇಲೊಂದು ತಿಂದ.

ಇರ್ಸೀನಾದ ಕೊನೆಯ ತಿರುವಿನಲ್ಲಿ ಕಾರು ನಿಲ್ಲಿಸಿದ. “ಪಾಲ್ಮಾ...”

“ಏನಾಯ್ತು? ಮೆಣಸಿನಕಾಯಿ ಹೊಟ್ಟೇಲಿ ಕುಣೀತಿದೆಯಾ? ಬೇಡ ಬೇಡ ಅಂದ್ರೂ ಎರಡು ತಟ್ಟೆ ನುಂಗ್ದೆಯಲ್ಲ ಮಹರಾಯ!” ಅಂತ ಅವಳು ಮನಸಾರೆ ನಕ್ಕಳು. ಆ ನಗು ನೋಡಿ ಅವನು ಮತ್ತೆ ಕಾರು ಹೊರಡಿಸಿದ.

ಊರಬಾಗಿಲ ಹೊರಗೆ ಕಾರಿಗೆ ಬೀಗ ಹಾಕಿ ಅವನು ತಿರುಗುವಷ್ಟರಲ್ಲಿ ಅವಳು ಗೋಡೆಯ ಮುಂದಿದ್ದಳು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕಪ್ಪು ಅಂಚಿನ ಕಾಗದದಲ್ಲಿ ಬ್ರಿಜಿದಾಳ ಹೆಸರು ದಪ್ಪಗಿತ್ತು. ಕೆಳಗೆ ದುಃಖತಪ್ತರು: ಮಗ ಸವೀನೊ, ತಂಗಿ ಪಾಲ್ಮಾ, ಆಕೆಯ ಪತಿ ಓರೋಂಜೊ. ಅವಳು ಬೆರಳಿಟ್ಟು ಎರಡು ಸಲ ಓದಿದಳು.

“ನನ್ನ ಹೆಸರು ಯಾರು ಕೊಟ್ರು?”

“ನಾನು.”

“ಯಾವಾಗ?”

“ನಿನ್ನೆ... ಒಂದು ದಿನವಾದ್ರೂ ನೀನು ನಗ್ತಾ ಇರ್ಲಿ ಅಂತ...”

“ನಿನ್ನೆ ಹೇಳಿದ್ರೆ ರಾತ್ರಿಯೆಲ್ಲಾ ಅವಳ ಪಕ್ಕ ಕೂತಿರ್ತಿದ್ದೆ. ಆ ಮುಖ ಮುಟ್ಟಿ ತಪ್ಪಾಯ್ತು ಅಂದಿರ್ತಿದ್ದೆ.” ಅವಳ ದನಿ ಏರಲಿಲ್ಲ. “ಊರಿಗೆಲ್ಲ ನನ್ನ ದುಃಖ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ.”

ಅವಳು ಏದುಸಿರು ಬಿಡುತ್ತಾ ಅಕ್ಕನ ಮನೆಗೆ ಓಡಿದಳು. ಪೆಟ್ಟಿಗೆ ಮುಚ್ಚಿಯಾಗಿತ್ತು, ಹೊತ್ತವರು ಮೆಟ್ಟಿಲಿಳಿಯುತ್ತಿದ್ದರು. ಮರದ ಮೇಲೆ ಎರಡೂ ಕೈ ಊರಿ ಅವಳು ಏನೋ ಹೇಳಿದಳು. ಮೆಟ್ಟಿಲ ಕೆಳಗೆ ನಿಂತ ಓರೋಂಜೊಗೆ ಮಾತು ಕೇಳಿಸಲಿಲ್ಲ.

ಪೂಜೆ ಮುಗಿದಮೇಲೆ ಮನೆಯವರು ಚರ್ಚಿನ ಬಾಗಿಲಲ್ಲಿ ನಿಂತರು. ಊರವರು ಸಾಲಾಗಿ ಬಂದು ಕೈಹಿಡಿದು ಸಂತಾಪ ಹೇಳತೊಡಗಿದರು. ಓರೋಂಜೊ ಹೆಂಡತಿಯ ಪಕ್ಕಕ್ಕೆ ಹೋಗಿ ನಿಂತ.

“ಇಲ್ಲಿ ಅಲ್ಲ,” ಅಂದಳು ಪಾಲ್ಮಾ. “ಅಲ್ಲಿ.”

ಅವನು ಟೋಪಿ ಕೈಯಲ್ಲಿ ಹಿಡಿದು ಊರವರ ಸಾಲಿನ ಕೊನೆಗೆ ಹೋಗಿ ನಿಂತ. ಅವನ ಹಿಂದೆ ಕೋಲೂರಿಕೊಂಡ ಒಬ್ಬ ಅಜ್ಜಿ ಬಂದು ಸೇರಿದಳು. ಸಾಲು ನಿಧಾನಕ್ಕೆ ಸರಿಯಿತು. ಅವನ ಸರದಿ ಬಂದಾಗ ಪಾಲ್ಮಾ ಕೈ ಕೊಟ್ಟಳು, ತಣ್ಣಗಿನ ಕೈ.

“ಬಂದಿದ್ದಕ್ಕೆ ಉಪಕಾರ,” ಅಂದಳು, ಎಲ್ಲರಿಗೂ ಅಂದ ಹಾಗೆಯೇ. ಆಮೇಲೆ ಅಜ್ಜಿಯತ್ತ ಕೈ ಚಾಚಿದಳು.